ಎಂಟುನೂರು ಮೀಟರಿನ ಆಕ್ಷೇಪಣೆ

ಹದಿನೆಂಟು ಕ್ಯಾಥೊಲಿಕ್ ಹೈಸ್ಕೂಲುಗಳ ಆಟೋಟವನ್ನು ಒಂದು ದಾರಕ್ಕೆ ಪೋಣಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಒಂದು ಶಾಲೆಯ ಸಿಸ್ಟರಿಗೆ ಕಿರುಪರೀಕ್ಷೆ ಅಡ್ಡ ಬರುತ್ತದೆ, ಇನ್ನೊಂದು ಶಾಲೆಯ ಫಾದರಿಗೆ ಮೈದಾನದ ಹುಲ್ಲಿನ ಮೇಲೆ ಮಕ್ಕಳಿಗಿಂತ ಹೆಚ್ಚು ಮಮತೆ, ಮತ್ತೊಂದಕ್ಕೆ ವ್ಯಾನೇ ಇಲ್ಲ. ಇವರನ್ನೆಲ್ಲ ಒಪ್ಪಿಸಿ, ಯಾವ ತಂಡ ಯಾರ ಎದುರು, ಎಲ್ಲಿ, ಎಷ್ಟು ಗಂಟೆಗೆ ಎಂದು ಪಟ್ಟಿ ಮಾಡಿ ಹಂಚುವವಳು ಅವಳು. ಆರು ವರ್ಷದಿಂದ ಕ್ರೀಡಾ ಮಂಡಳಿಯ ಕಾರ್ಯದರ್ಶಿ. ಎದುರಿಗೂ ಬೆನ್ನ ಹಿಂದೆಯೂ ಎಲ್ಲರೂ ಕರೆಯುತ್ತಿದ್ದುದು ಪಟ್ಟಿ ಟೀಚರ್ ಎಂದೇ.

ಅವಳಿಗೆ ಮೊದಲು ಆ ಕುರ್ಚಿಯಲ್ಲಿ ಇಪ್ಪತ್ತೈದು ವರ್ಷ ಕೂತಿದ್ದವರು ಸೀಟಿ ಮಾಸ್ಟರ್. ಕೊರಳಲ್ಲಿ ಸದಾ ಸೀಟಿ. ಪೂಜೆಗೆ ಬರುವಾಗಲೂ ತೆಗೆಯುತ್ತಿರಲಿಲ್ಲ ಎನ್ನುತ್ತಾರೆ. ಗುಡ್ಡದ ಮೇಲಿನ ದೊಡ್ಡ ಶಾಲೆಯಿಂದ ನಿವೃತ್ತರಾದ ಮೇಲೂ ಅಲ್ಲಿಯ ತಂಡಗಳಿಗೆ ಅವರದೇ ಮಾತು ಕೊನೆಯ ಮಾತು. ಸಭೆಗಳಲ್ಲಿ ಅವಳ ಎದುರು ಕೂತು, "ಟೀಚರ್, ನಿಮ್ಮ ಪಟ್ಟಿ ಚೆನ್ನಾಗಿದೆ, ನನ್ನ ಕಾಲದ ಹಾಗೇ ಇದೆ" ಎಂದು ಹೊಗಳುತ್ತಿದ್ದರು. ಅವಳು ತಲೆ ಬಗ್ಗಿಸಿ ಬರೆಯುತ್ತಿದ್ದಳು. ಎದುರಿಗೆ ಕೂತವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಯಾರೆಂಬುದನ್ನು ಅವಳು ಒಂದು ದಿನವೂ ಮರೆತಿರಲಿಲ್ಲ.

ಮೂವತ್ತು ವರ್ಷದ ಹಿಂದೆ, ಹದಿನೈದರ ಹುಡುಗಿಯಾಗಿ, ಅವಳು ಇದೇ ಕೂಟದಲ್ಲಿ ಹದಿನಾರರೊಳಗಿನವರ ಎಂಟುನೂರು ಮೀಟರ್ ಓಡಿ ಗೆದ್ದಿದ್ದಳು. ಗಿರಣಿಯ ಪಕ್ಕದ ಚಿಕ್ಕ ಕಾನ್ವೆಂಟಿಗೆ ಅದು ಮೊದಲ ಚಿನ್ನದ ಪದಕ. ಎರಡನೆಯವಳಾಗಿ ಬಂದದ್ದು ಸೀಟಿ ಮಾಸ್ಟರ ಮಗಳು. ಸಂಜೆಗೆ ಮಾಸ್ಟರ್ ಆಕ್ಷೇಪಣೆ ಬರೆದು ಕೊಟ್ಟರು: ಈ ಹುಡುಗಿಗೆ ಹದಿನೇಳು, ದೀಕ್ಷಾಸ್ನಾನದ ಪುಸ್ತಕದಲ್ಲಿ ಹಾಗೆ ಇದೆ. ಕೊಟ್ಟವರೂ ಅವರೇ, ಕಾರ್ಯದರ್ಶಿಯಾಗಿ ತೆಗೆದುಕೊಂಡವರೂ ಅವರೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪುಸ್ತಕದಲ್ಲಿ ಇದ್ದದ್ದು ನಿಜ. ಅವಳಿಗಿಂತ ಎರಡು ವರ್ಷ ಮುಂಚೆ ಹುಟ್ಟಿದ ಅಕ್ಕ ಹತ್ತೊಂಬತ್ತು ದಿನ ಬದುಕಿ ಕಣ್ಣು ಮುಚ್ಚಿದ್ದಳು. ಆ ಕೂಸಿಗೆ ಇಟ್ಟಿದ್ದ ಅಜ್ಜಿಯ ಹೆಸರನ್ನೇ ಆಮೇಲೆ ಇವಳಿಗೂ ಇಟ್ಟಿದ್ದರು. ಒಂದೇ ಹೆಸರು, ಎರಡು ಪುಟ. ಮಾಸ್ಟರ್ ತೋರಿಸಿದ್ದು ಮೊದಲ ಪುಟವನ್ನು.

ಮಂಡಳಿ ಅವಳ ಅಪ್ಪನನ್ನು ಕರೆಸಿತು. ಅಪ್ಪ ಬಡಗಿ; ಇಗರ್ಜಿಯ ಬೆಂಚುಗಳನ್ನೆಲ್ಲ ಮಾಡಿದ್ದು ಅವರೇ. ಕೈಯಲ್ಲಿ ಟೋಪಿ ಹಿಡಿದು ನಿಂತು, "ಅದು ನಮ್ಮ ಮೊದಲನೇ ಮಗು ಸ್ವಾಮಿ, ತೀರಿಹೋಯ್ತು. ಇವಳು ಎರಡನೆಯವಳು" ಎಂದರು. ಮಾಸ್ಟರ್ ನಕ್ಕರು. "ಗೆಲ್ಲೋದಕ್ಕೆ ಸತ್ತ ಮಗೂನೂ ಹುಟ್ಟಿಸ್ತಾರೆ ಇಂಥವರು," ಎಂದರು.

ಅವಳು ಬಾಗಿಲ ಬಳಿಯೇ ನಿಂತಿದ್ದಳು. ಅಪ್ಪ ಅವಳ ಕೊರಳಿನ ಪದಕ ಅಲ್ಲೇ ಕಳಚಿ ಕೊಟ್ಟು, ಸೈಕಲ್ ತಳ್ಳಿಕೊಂಡು ಮಗಳ ಜೊತೆ ಮನೆಗೆ ನಡೆದರು. ಪದಕ ಎರಡನೆಯವಳಿಗೆ ಹೋಯಿತು. ಧರ್ಮಕೇಂದ್ರದ ಫಾದರ್ ಆಗ ಊರಲ್ಲಿರಲಿಲ್ಲ. ಬಂದ ಮೇಲೆ, "ಎರಡೂ ಪುಟ ನಕಲು ಮಾಡಿ ಮಂಡಳಿಗೆ ಬರೀತೀನಿ" ಎಂದಿದ್ದರು. ಅಷ್ಟರಲ್ಲಿ ಅವರಿಗೆ ವರ್ಗವಾಯಿತು. ಬರೆಯಲಿಲ್ಲ ಎಂದೇ ಎಲ್ಲರೂ ತಿಳಿದರು. ಸುಳ್ಳುಗಾರ ಬಡಗಿ ಎಂಬ ಮಾತು ಮಾತ್ರ ಊರಲ್ಲಿ ಉಳಿಯಿತು. ಇಗರ್ಜಿಯ ಕೆಲಸ ಬೇರೆಯವರಿಗೆ ಹೋಯಿತು. ಅಪ್ಪ ಪೂಜೆಗೆ ಹೋದರೂ ತಾವೇ ಮಾಡಿದ ಬೆಂಚಿನ ಮೇಲೆ ಕೂರದೆ ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಹನ್ನೊಂದು ವರ್ಷ ಹಾಗೆ ನಿಂತು, ಒಂದು ದಿನ ತೀರಿಕೊಂಡರು. ಅವಳು ಮತ್ತೆ ಓಡಲಿಲ್ಲ. ಓಡಿಸುವುದನ್ನು ಕಲಿತಳು. ಮದುವೆಯಾಗಿ ಮನೆತನದ ಹೆಸರು ಬದಲಾಯಿತು, ಮೈ ತುಂಬಿಕೊಂಡಿತು, ಕನ್ನಡಕ ಬಂತು.

ಕಾರ್ಯದರ್ಶಿಯಾದ ಮೊದಲ ವರ್ಷ ಅವಳು ಸೇಡು ತೀರಿಸಿಕೊಂಡದ್ದು ಪಟ್ಟಿಯಲ್ಲೇ. ಚೀಟಿ ಎತ್ತುವುದರಲ್ಲಿ ಕೈ ಆಡಿಸಲಿಲ್ಲ. ಅದು ದೇವರ ಕೆಲಸ. ಆದರೆ ಹೊತ್ತು ಗೊತ್ತು ಮಾಡುವುದು ಅವಳ ಕೆಲಸ. ಗುಡ್ಡದ ಶಾಲೆಯ ಪಂದ್ಯಗಳೆಲ್ಲ ಮಟಮಟ ಮಧ್ಯಾಹ್ನಕ್ಕೆ, ಊರಾಚೆಯ ಕಲ್ಲು ಮೈದಾನಕ್ಕೆ ಬಿದ್ದವು. ಮಾಸ್ಟರ್ ಕೊಡೆ ಹಿಡಿದು ಗೆರೆಯಾಚೆ ನಿಂತು ಬೆವರುವುದನ್ನು ನೋಡಿ ಅವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಮೂರನೆಯ ಪಂದ್ಯದಲ್ಲಿ ಅವರ ತಂಡದ ಗೋಲ್‌ಕೀಪರ್ ಹುಡುಗಿ ಬಿಸಿಲಿಗೆ ವಾಂತಿ ಮಾಡಿಕೊಂಡು ಕಂಬ ಹಿಡಿದು ಕೂತಳು. ನೀರು ಕುಡಿಸಲು ಓಡಿದ್ದು ಪಟ್ಟಿ ಟೀಚರೇ. "ಸಾರಿ ಟೀಚರ್, ನಿಮ್ಮ ಸೀರೆಗೆ ಆಯ್ತು," ಎಂದಿತು ಮಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ ಎಂದು ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಮರುವಾರವೇ ಪಟ್ಟಿ ತಿದ್ದಿದಳು. ಸಿಟ್ಟು ಹಾಗೇ ಇತ್ತು. ಅದನ್ನು ಮಕ್ಕಳ ಮೇಲೆ ಇಳಿಸುವುದಿಲ್ಲ ಎಂದಷ್ಟೇ ತೀರ್ಮಾನಿಸಿದಳು.

ಈ ವರ್ಷ ಕೂಟಕ್ಕೆ ಐವತ್ತು ತುಂಬಿತು. ಅಧ್ಯಕ್ಷರಾದ ಫಾದರ್ ಒಂದು ಹೊಸ ಶೀಲ್ಡ್ ಮಾಡಿಸಿ ಅದಕ್ಕೆ ಸೀಟಿ ಮಾಸ್ಟರ ಹೆಸರಿಡಬೇಕೆಂದು ಯೋಚಿಸಿದರು. "ಟೀಚರ್, ಹಳೇ ಕಡತ ತೆಗೆದು ಅವರ ಸಾಧನೆ ಒಂದು ಪುಟ ಬರೀರಿ, ವಾರ್ಷಿಕ ಸಭೆಯಲ್ಲಿ ಓದೋಣ," ಎಂದರು.

ಎರಡು ಕಬ್ಬಿಣದ ಬೀರು ತುಂಬ ಕಡತ. ಮಾಸ್ಟರ್ ಒಂದು ಚೂರು ಕಾಗದವನ್ನೂ ಎಸೆದವರಲ್ಲ, ಎಲ್ಲಕ್ಕೂ ವರ್ಷ, ಅಂಕೆ. ಶಾಲೆ ಬಿಟ್ಟ ಮೇಲೆ ಅವಳು ಕೂತು ಒಂದೊಂದೇ ಬಿಚ್ಚಿದಳು. ಆ ವರ್ಷದ ಕಡತ ಕೈಗೆ ಬಂದಾಗ ತೆರೆಯುವುದೋ ಬೇಡವೋ ಎನಿಸಿತು. ತೆರೆದಳು. ಆಕ್ಷೇಪಣೆ ಇತ್ತು, ತೀರ್ಪು ಇತ್ತು. ಅದರ ಹಿಂದೆ, ಟೆಂಟಿನ ಬಾಡಿಗೆ ರಸೀದಿಗಳ ನಡುವೆ, ಧರ್ಮಕೇಂದ್ರದ ಮುದ್ರೆಯಿದ್ದ ಒಂದು ಪತ್ರ. ಎರಡು ಹುಟ್ಟು, ಎರಡು ದೀಕ್ಷಾಸ್ನಾನ, ಒಂದು ಮಣ್ಣು ಮಾಡಿದ ತಾರೀಖು. "ಬಡಗಿ ಹೇಳಿದ್ದು ಸತ್ಯ, ತೀರ್ಪನ್ನು ತಿದ್ದಬೇಕೆಂದು ಕೋರುತ್ತೇನೆ." ಮೂಲೆಯಲ್ಲಿ ಕೆಂಪು ಶಾಯಿ: ತಲುಪಿದೆ, ಓದಿದೆ, ಕಡತಕ್ಕೆ. ತೀರ್ಪಾದ ಹನ್ನೆರಡನೆಯ ದಿನದ ತಾರೀಖು. ಸೀಟಿ ಮಾಸ್ಟರ ಸಹಿ.

ಇಷ್ಟು ವರ್ಷ ಅವಳು ದ್ವೇಷಿಸಿದ್ದು ತಪ್ಪು ತಿಳಿದ ಒಬ್ಬ ಸೊಕ್ಕಿನ ಮನುಷ್ಯನನ್ನು. ಈಗ ಕೈಯಲ್ಲಿದ್ದದ್ದು ಬೇರೆಯೇ ಮನುಷ್ಯ.

ಮನೆಗೆ ಬಂದು ಅಮ್ಮನಿಗೆ ಓದಿ ಹೇಳಿದಳು. ಅಮ್ಮ ಸೊಪ್ಪು ಬಿಡಿಸುತ್ತಿದ್ದರು, ಕೈ ನಿಂತಿತು. "ಹಾಗಾದ್ರೆ ಆ ಫಾದರ್ ಬರೆದಿದ್ರು," ಎಂದರು. "ನಿಮ್ಮಪ್ಪ ಸಾಯೋವರೆಗೂ ಅವರನ್ನೇ ಬೈಕೊಂಡಿದ್ರು, ಪಾಪ." ಸೊಪ್ಪನ್ನು ಪಕ್ಕಕ್ಕೆ ಸರಿಸಿ, "ಏನು ಮಾಡ್ತೀಯ?"

"ಬಿಡಲ್ಲ."

"ಬಿಡು ಅಂತ ನಾನು ಹೇಳಿದ್ನಾ? ಹಾವೂ ಸಾಯಬೇಕು, ಕೋಲೂ ಮುರೀಬಾರದು. ಕೂಗಾಡಬೇಡ. ಕೂಗಾಡೋರನ್ನ ಹುಚ್ಚಿ ಅಂತಾರೆ."

ಅವಳು ಕೂಗಾಡಲಿಲ್ಲ, ನಿಯಮಾವಳಿ ತೆಗೆದಳು. ಅದನ್ನು ಬರೆದವರೂ ಮಾಸ್ಟರೇ. ನಲವತ್ತೊಂದನೆಯ ನಿಯಮ: ಆಕ್ಷೇಪಣೆ ಸುಳ್ಳೆಂದು ದಾಖಲೆಯಿಂದ ತಿಳಿದುಬಂದರೆ, ಎಷ್ಟೇ ವರ್ಷವಾಗಿರಲಿ, ಅದನ್ನು ಕೊಟ್ಟವರು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹಿಂಪಡೆಯತಕ್ಕದ್ದು. ಯಾವ ಶಾಲೆಯನ್ನು ಹೆದರಿಸಲು ಬರೆದಿದ್ದರೋ. ಅವಳು ಸಭೆಯ ಕಾರ್ಯಸೂಚಿಯಲ್ಲಿ ಶೀಲ್ಡಿನ ವಿಷಯಕ್ಕೆ ಮೊದಲು ಒಂದು ಸಾಲು ಸೇರಿಸಿ, ಪತ್ರದ ನಕಲಿನೊಂದಿಗೆ ಹದಿನೆಂಟು ಶಾಲೆಗೂ ಮಾಸ್ಟರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು.

ಮೊದಲು ಬಂದದ್ದು ಅಧ್ಯಕ್ಷ ಫಾದರ್. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದರು. "ಇದು ಬೇಕಾ ಟೀಚರ್? ಎಪ್ಪತ್ತಮೂರು ವಯಸ್ಸು ಅವರಿಗೆ. ಕ್ಷಮೆ ಅಂತ ಒಂದಿದೆಯಲ್ಲ."

"ಇದೆ ಫಾದರ್. ಕೇಳಿದವರಿಗೆ ಕೊಡೋದು ಅದು. ಅವರು ಕೇಳಿಲ್ಲ."

ಫಾದರ್ ಒಳ್ಳೆಯವರು. "ಶೀಲ್ಡ್ ಕೆತ್ತೋಕೆ ಕೊಟ್ಟಾಗಿದೆ," ಎಂದು ಮಾತ್ರ ಗೊಣಗಿದರು. "ಹೆಸರು ಕೆತ್ತೋದು ಬೇಡ ಅನ್ನಿ, ಈಗ್ಲೇ," ಎಂದಳು ಅವಳು.

ಮಾರನೆಯ ದಿನ ಮಾಸ್ಟರ ಫೋನು. ಆರು ವರ್ಷ ಟೀಚರ್, ನೀವು ಎಂದವರು ಒಂದೇ ಏಟಿಗೆ ಏಕವಚನಕ್ಕೆ ಇಳಿದಿದ್ದರು. "ನೀನು ಆ ಬಡಗಿ ಮಗಳಾ?"

"ಹೌದು."

"ನನಗೆ ನೆನಪೇ ಇರ್ಲಿಲ್ಲ ನೋಡು. ಎಷ್ಟು ಮಕ್ಕಳು, ಎಷ್ಟು ಆಕ್ಷೇಪಣೆ. ಅದನ್ನೆಲ್ಲ ತಲೇಲಿ ಇಟ್ಕೊಂಡು ಕೂರೋಕಾಗುತ್ತಾ?"

"ನಾನು ಇಟ್ಕೊಂಡಿದ್ದೀನಿ. ಶನಿವಾರ ಹತ್ತು ಗಂಟೆಗೆ ಬನ್ನಿ."

ಅವರಿಗೆ ನೆನಪಿರಲಿಲ್ಲ ಎಂಬುದು ಅವಳನ್ನು ಪತ್ರಕ್ಕಿಂತ ಹೆಚ್ಚು ಸುಟ್ಟಿತು.

ಮಾಸ್ಟರ್ ಬಂದರು. ಬಾರದಿದ್ದರೆ ಒಪ್ಪಿಕೊಂಡ ಹಾಗೆ ಎಂದು ಯೋಚಿಸಿದರೋ, ಇವಳೇನು ಮಾಡಿಯಾಳು ಎಂದುಕೊಂಡರೋ. ಜೊತೆಗೆ ಮಗಳೂ ಬಂದಿದ್ದಳು. ಹಲ್ಲಿನ ಡಾಕ್ಟರು, ನಲವತ್ತೈದರ ಗಂಭೀರ ಹೆಂಗಸು. ಅಪ್ಪನಿಗೆ ಸನ್ಮಾನ ಎಂದು ಫಾದರ್ ತಿಂಗಳ ಹಿಂದೆಯೇ ಕರೆದಿದ್ದರು. ಕಾರ್ಯಸೂಚಿಯ ವಿಷಯವನ್ನು ಅಪ್ಪ ಅವಳಿಗೆ ಹೇಳಿರಲಿಲ್ಲ. ಪಟ್ಟಿ ಟೀಚರಿಗೆ ಅವಳು ಬರುವುದು ಗೊತ್ತಿತ್ತು. ತಡೆಯಬಹುದಿತ್ತು, ತಡೆಯಲಿಲ್ಲ.

ಗ್ರಂಥಾಲಯದ ಉದ್ದ ಮೇಜಿನ ಸುತ್ತ ಮೂವತ್ತಾರು ಜನ. ಮೂರನೆಯ ವಿಷಯ ಬಂದಾಗ ಅವಳು ಎದ್ದು ಆಕ್ಷೇಪಣೆಯನ್ನು ಓದಿದಳು. ಆಮೇಲೆ ಪತ್ರ ಓದಿದಳು. ಕೆಂಪು ಶಾಯಿಯ ಮೂರು ಮಾತನ್ನೂ ತಾರೀಖನ್ನೂ ಓದಿದಳು. ದನಿ ಏರಿಸಲಿಲ್ಲ, ತಂಡಗಳ ಹೆಸರು ಓದುವಾಗ ಇರುವ ದನಿಯೇ. "ನಲವತ್ತೊಂದನೇ ನಿಯಮದ ಪ್ರಕಾರ, ಮಾಸ್ಟರ್ ಎದ್ದು ನಿಂತು ಹಿಂಪಡೀಬೇಕು," ಎಂದು ಕೂತಳು.

ಮಾಸ್ಟರ್ ಏಳಲಿಲ್ಲ. "ಮೂವತ್ತು ವರ್ಷದ ಹಿಂದಿನ ಮಾತು," ಎಂದರು. "ಆಗ ಪದಕ ಕೊಟ್ಟಾಗಿತ್ತು. ಮತ್ತೆ ಕಿತ್ಕೊಂಡ್ರೆ ಮಂಡಳಿ ಮರ್ಯಾದೆ ಏನಾಗ್ಬೇಕಿತ್ತು? ನಾನು ಮಂಡಳಿಗೋಸ್ಕರ—"

"ಅಪ್ಪ," ಎಂದಳು ಮಗಳು. ಎಲ್ಲರೂ ಅತ್ತ ತಿರುಗಿದರು. "ಆ ಕೆಂಪು ಅಕ್ಷರ ನಿಮ್ಮದಾ?"

"ಅದಲ್ಲಮ್ಮ ವಿಷಯ..."

"ಪದಕ ನನ್ನದಲ್ಲ, ನಾನು ಎರಡನೆಯವಳೇ ಅಂತ ನಿಮಗೆ ಗೊತ್ತಿತ್ತಾ?"

ಮಾಸ್ಟರ ಕೈ ತಾನಾಗಿ ಕೊರಳ ಸೀಟಿಗೆ ಹೋಗಿ, ಹಿಡಿದು, ಬಿಟ್ಟಿತು. ಮಗಳು ಕೈಚೀಲ ತೆಗೆದುಕೊಂಡು ಎದ್ದಳು. "ನನ್ನ ಮದುವೆ ಮಾತುಕತೇಲೂ ಆ ಪದಕ ತೋರಿಸಿದ್ರಿ," ಎಂದಳು, ಯಾರಿಗೂ ಅಲ್ಲದ ಹಾಗೆ, ಮತ್ತು ಹೊರಟುಹೋದಳು.

ಬಾಗಿಲು ಮುಚ್ಚಿದ ಮೇಲೆ ಮಾಸ್ಟರ್ ಮೇಜಿಗೆ ಎರಡೂ ಕೈ ಊರಿ ಎದ್ದು ನಿಂತರು. "ಹಿಂಪಡೆದಿದ್ದೀನಿ," ಎಂದರು.

"ಪೂರ್ತಿ ಹೇಳಿ. ನಡಾವಳಿಗೆ ಬರ್ಕೋಬೇಕು," ಎಂದಳು ಪಟ್ಟಿ ಟೀಚರ್.

ಯಾರೋ ಒಬ್ಬ ಸಿಸ್ಟರ್ ಸಾಕು ಎನ್ನುವಂತೆ ಕೆಮ್ಮಿದರು. ಅವಳು ಪೆನ್ನು ಹಿಡಿದು ಕಾದಳು. ಮಾಸ್ಟರ್ ಪೂರ್ತಿ ಹೇಳಿದರು: ಬಡಗಿ ಹೇಳಿದ್ದು ಸತ್ಯವಾಗಿತ್ತು, ತನ್ನ ಆಕ್ಷೇಪಣೆ ಸುಳ್ಳಾಗಿತ್ತು, ಅದು ತನಗೆ ಗೊತ್ತಿತ್ತು. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು. ಶೀಲ್ಡಿಗೆ ಯಾರ ಹೆಸರೂ ಬೇಡ ಎಂದು ಸಭೆ ಒಪ್ಪಿತು.

ಒಂದು ವಾರದ ಮೇಲೆ ಹಲ್ಲಿನ ಡಾಕ್ಟರು ಅವಳ ಶಾಲೆಗೆ ಬಂದಳು. ಪದಕವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಕಣ್ಣು ಕೆಂಪಾಗಿತ್ತು. "ಇದು ನಿಮ್ಮದು. ನಾನು ಅಪ್ಪನ ಜೊತೆ ಮಾತು ಬಿಟ್ಟಿದ್ದೀನಿ."

"ನಿಮ್ಮ ಮೇಲೆ ನನಗೇನೂ ಇಲ್ಲ," ಎಂದಳು ಪಟ್ಟಿ ಟೀಚರ್. "ಆದ್ರೆ ನಿಮ್ಮ ಕೈಯಿಂದ ತಗೊಳಲ್ಲ. ಕಿತ್ಕೊಂಡೋರು ತಂದು ಕೊಡ್ಲಿ."

ಡಾಕ್ಟರು ಅವಳ ಮುಖವನ್ನೇ ನೋಡಿದಳು. "ನೀವೂ ಕಲ್ಲೇ," ಎಂದಳು. ಬೈದಂತೆ ಇರಲಿಲ್ಲ.

ಮಾಸ್ಟರ್ ಬರಲು ನಾಲ್ಕು ತಿಂಗಳು ಹಿಡಿಯಿತು. ಮಗಳು ಪದಕವನ್ನು ಅವರಿಗೆ ಕಳಿಸಿ, ಅದನ್ನು ಕೊಟ್ಟು ಬರುವವರೆಗೆ ಅವರ ಮನೆಗೆ ಕಾಲಿಡುವುದಿಲ್ಲ ಎಂದಿದ್ದಳಂತೆ. ಒಂದು ಬುಧವಾರ, ಊಟದ ಬಿಡುವಿನ ನಂತರದ ಪೀರಿಯಡ್ಡು. ಅವಳು ಒಂಬತ್ತನೆಯ ತರಗತಿಗೆ ರಿಲೇ ಕೋಲು ಬದಲಾಯಿಸುವುದನ್ನು ಕಲಿಸುತ್ತಿದ್ದಳು. ಜಗುಲಿಯ ಕಂಬದ ಪಕ್ಕ ಅವರು ನಿಂತದ್ದನ್ನು ಕಂಡಳು, ಕಾಣದವಳಂತೆ ಪಾಠ ಮುಂದುವರಿಸಿದಳು. ಗಂಟೆ ಹೊಡೆಯುವವರೆಗೆ ನಲವತ್ತು ನಿಮಿಷ ಅವರು ನಿಂತರು. ಕೊರಳಲ್ಲಿ ಸೀಟಿ ಇರಲಿಲ್ಲ.

ಸಿಬ್ಬಂದಿ ಕೋಣೆಯಲ್ಲಿ ಅವರು ಪದಕವನ್ನು ಮೇಜಿನ ಮೇಲಿಟ್ಟರು. ಅವಳು ತಿರುವಿ ವರ್ಷ ನೋಡಿ, ರಿಜಿಸ್ಟರಿನಲ್ಲಿ ಬರೆದು, ಅವರ ಕಡೆ ತಳ್ಳಿದಳು. "ಸಹಿ ಹಾಕಿ. ತಾರೀಖೂ."

ಅವರು ಹಾಕಿದರು. ಸಹಿ ಹಳೆಯದೇ. "ಈಗ ಸಮಾಧಾನ ಆಯ್ತಾ?" ಎಂದರು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಎನ್ನುವಂತಿತ್ತು.

ಅವಳು ಯೋಚಿಸಿದಳು. "ಇಲ್ಲ," ಎಂದಳು. "ನೀವಿನ್ನು ಹೋಗಬಹುದು."

ಸಂಜೆ ಅಮ್ಮ ಪದಕವನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇಷ್ಟು ಹಗುರವಾ ಎಂದರು. ಆಮೇಲೆ ಕೇಳಿದರು: "ಕೂತ್ಕೊಳ್ಳಿ ಅಂದ್ಯಾ ಅವರಿಗೆ?"

"ಇಲ್ಲ."

"ಕುಡಿಯೋಕೆ ನೀರು?"

"ಇಲ್ಲಮ್ಮ."

"ನಿಮ್ಮಪ್ಪ ಆಗಿದ್ರೆ ಕೊಡ್ತಿದ್ರು."

"ಅದಕ್ಕೇ ಅಲ್ವಾ ಅವರಿಗೆ ಹಾಗಾಗಿದ್ದು," ಎಂದಳು ಅವಳು.

ಅಮ್ಮ ಪದಕವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮಗಳಿಗೆ ತಟ್ಟೆ ಹಾಕಲು ಒಳಗೆ ಹೋದರು.