ಬಿಚ್ಚದ ಬೂಟು

ನಾನು ಒಂದು ಬೂಟು. ಜೋಡಿಯಲ್ಲ, ಒಂಟಿ. ಫುಟ್‌ಬಾಲ್ ಆಟಗಾರನೊಬ್ಬನ ಎಡಗಾಲಿನ ಬೂಟು. ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸಗಾರರ ಸಾಲುಮನೆಗಳಿರುವ ಚಾಳಿನ ಮೈದಾನಕ್ಕೆ ಹೊಂದಿಕೊಂಡು ಒಂದು ಕ್ಲಬ್ಬಿದೆ. ಅದರ ಗಾಜಿನ ಕಪಾಟಿನಲ್ಲಿ, ಆಟದಲ್ಲಿ ಗೆದ್ದ ಕಪ್ಪುಗಳ ನಡುವೆ ನನ್ನನ್ನು ಇಟ್ಟಿದ್ದಾರೆ. ಕೆಳಗೊಂದು ಬೋರ್ಡು: ‘ಎಲುಬು ಮುರಿದರೂ ಬಿಚ್ಚದ ಬೂಟು.’ ಬಂದವರು ಅದನ್ನು ಓದಿ ಕೈ ಮುಗಿಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಹುಟ್ಟಿದ್ದು ದೂರದ ಜಲಂಧರಿನಲ್ಲಿ. ಒಂದು ಸಣ್ಣ ಕಾರ್ಖಾನೆಯಲ್ಲಿ ಕರುವಿನ ಚರ್ಮವನ್ನು ಅಚ್ಚಿನ ಮೇಲೆ ಎಳೆದು, ಮೊಳೆ ಹೊಡೆದು, ಹೊಲಿದರು. ಬಲಗಾಲಿನವನೂ ನಾನೂ ಒಂದೇ ಚರ್ಮದಿಂದ ಬಂದವರು. ಅವನು ಈಗಿಲ್ಲ. ಅವನ ಕಥೆ ಆಮೇಲೆ ಬರುತ್ತದೆ, ಅದು ಬಂದಾಗ ನನ್ನ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ನಮ್ಮನ್ನು ಕೊಂಡು ತಂದವರು ಕರ್ಜಗಿ ಮಾಸ್ತರು. ರೈಲ್ವೆ ಶಾಲೆಯಲ್ಲಿ ಆಟದ ಮಾಸ್ತರರು, ಚಾಳಿನ ಕ್ಲಬ್ಬಿಗೆ ಅವರೇ ತಾಯಿ ತಂದೆ. ಬರಿಗಾಲಿನಲ್ಲೇ ಆಡುತ್ತಿದ್ದ ಗುರುಶಾಂತ ಎಂಬ ಹುಡುಗನ ಮುಂದೆ ಡಬ್ಬಿ ಇಟ್ಟು, “ತಗೋ, ನಿನಗ ಅಂತನ ತರಿಸೇನಿ” ಎಂದರು. ಒಳ್ಳೆಯ ಕೆಲಸವೇ. ಆದರೆ ಒಂದು ಒಳ್ಳೆಯ ಕೆಲಸ ಮಾಡಿದವರಿಗೆ ಆ ಕಾಲಿನ ಮೇಲೆ ಜೀವಮಾನವಿಡೀ ಹಕ್ಕು ಬರುತ್ತದೆಯೇ?

ಗುರುಶಾಂತನ ಪಾದ ಅಗಲ. ಬರಿಗಾಲಿನಲ್ಲಿ ಬೆಳೆದ ಕಾಲು ಹಾಗೆಯೇ. ನನ್ನನ್ನು ನೀರಲ್ಲಿ ನೆನೆಸಿ, ಹಸಿಯಾಗಿಯೇ ಹಾಕಿಕೊಂಡು, ಒಣಗುವವರೆಗೂ ಚಾಳಿನಲ್ಲಿ ಅಡ್ಡಾಡಿದ. ಅವನ ಹೆಬ್ಬೆರಳಿನ ಗಂಟು, ಹೊರಬದಿಯ ಎಲುಬು ಎಲ್ಲವೂ ನನ್ನ ಚರ್ಮದಲ್ಲಿ ಅಚ್ಚಾದವು. ಅಂದಿನಿಂದ ಬೇರೆ ಯಾರ ಕಾಲಿಗೂ ನಾನು ಸೇರುವಂತಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಮನೆಯಲ್ಲಿ ಜಗಳವೇ ಆಯಿತು. ಅವನ ಅಪ್ಪ ಬಸವಣ್ಣೆಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರು. ಸುತ್ತಿಗೆ, ಪಾನಾ ಎಲ್ಲ ತೊಳೆದಿಟ್ಟು, ಸಾಲಿನ ಕೊನೆಗೆ ನಮ್ಮಿಬ್ಬರನ್ನೂ ಇಟ್ಟ. ಅವ್ವ ಕಲ್ಲವ್ವ ಕುಂಕುಮದ ಬಟ್ಟಲು ಹಿಡಿದು ನಿಂತುಬಿಟ್ಟಳು.

“ಕಾಲಾಗ ಹಾಕ್ಕೊಳ್ಳೋದಕ್ಕ ಯಾರರ ಕುಂಕುಮ ಹಚ್ಚತಾರೇನ್ರಿ? ಬುದ್ಧಿ ಎಲ್ಲಿಟ್ಟೀರಿ?”

“ನನಗ ಸುತ್ತಿಗಿ ಹೆಂಗೋ ಅವಗ ಬೂಟು ಹಂಗ. ಅನ್ನ ಹಾಕೋದು ಯಾವುದಿದ್ರೂ ಆಯುಧನ. ಹಚ್ಚು.”

ಕಲ್ಲವ್ವ ಗೊಣಗುತ್ತಲೇ ಹಚ್ಚಿದಳು. ಆಮೇಲೆ ಅದು ಇಡೀ ಚಾಳಿನ ಪದ್ಧತಿಯಾಯಿತು. ಮಾಸ್ತರು ಅದಕ್ಕೆ ತಮ್ಮದೊಂದು ಬಾಲ ಜೋಡಿಸಿದರು: “ಪೂಜಿ ಆದ ಬೂಟು ಆಟ ಮುಗಿಯೂತನಾ ಬಿಚ್ಚಬಾರದು. ಬಿಚ್ಚಿದ್ರ ಕಾಲು ಬಾತು ಮತ್ತ ಒಳಗ ಹೋಗೂದಿಲ್ಲ. ಬಿಚ್ಚಿದಂವ ಸೋತಂವ.” ಹುಡುಗರು ಅದನ್ನು ದೇವರ ಮಾತೆಂದು ನಂಬಿದರು. ನೋವಾದರೆ ಲೇಸನ್ನು ಇನ್ನಷ್ಟು ಬಿಗಿ ಮಾಡು, ಅಷ್ಟೇ ಅವರಿಗೆ ಗೊತ್ತಿದ್ದ ಮದ್ದು.

ಗುರುಶಾಂತ ಮಿಡ್‌ಫೀಲ್ಡರ್ ಆದ. ಮೈದಾನದ ನಡುವಿನವನು. ಹಿಂದಿನವರು ತಡೆದ ಚೆಂಡು ಇಸಿದುಕೊಂಡು ಮುಂದಿನವರಿಗೆ ಮುಟ್ಟಿಸುವವನು. ಗೋಲು ಹೊಡೆದವನ ಫೋಟೊ ಪೇಪರಿಗೆ, ತಡೆದವನಿಗೆ ಚಪ್ಪಾಳೆ, ನಡುವೆ ಓಡಿ ಓಡಿ ಸಾಯುವವನಿಗೆ ಬೆವರು. ಆದರೂ ಚೆಂಡು ನನ್ನ ಒಳಮೈಗೆ ತಾಗಿ, ಎದುರಾಳಿಗಳ ನಡುವಿನ ಸಣ್ಣ ಸಂದಿಯಲ್ಲಿ ಜಾರಿ ಹೋಗಿ, ಸರಿಯಾಗಿ ಒಬ್ಬನ ಕಾಲಿಗೆ ಸೇರುತ್ತಿತ್ತಲ್ಲ, ಆಹಾ! ಆ ಸುಖ ನನಗೆ ಗೊತ್ತು. ಅದನ್ನು ನೋಡಿಯೇ ಗೋವಾದ ಕ್ಲಬ್ಬೊಂದು ಅವನನ್ನು ಕರೆಯಿತು. ಕೆಲವು ವರ್ಷಗಳ ಮೇಲೆ ಪೋರ್ಚುಗಲ್ಲಿನ ಸಮುದ್ರ ತೀರದ ಸಣ್ಣ ಊರಿನ ಕ್ಲಬ್ಬೂ ಕರೆಯಿತು. ಹೊಸ ಬೂಟುಗಳು ಎಷ್ಟೋ ಬಂದವು, ಹೋದವು. ದೊಡ್ಡ ಆಟವಿದ್ದರೆ ಮಾತ್ರ ಚೀಲದ ತಳದಿಂದ ನಾವಿಬ್ಬರೂ ಹೊರಬರುತ್ತಿದ್ದೆವು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಟ್ಟೆ ಬದಲಾಯಿಸಿಕೊಂಡು ವಿಮಾನ ಹತ್ತಿದ ಬೂಟುಗಳು ನಾವು.

ಅಲ್ಲಿ ಚಳಿ, ಉಪ್ಪು ಗಾಳಿ, ಗೊತ್ತಿಲ್ಲದ ಭಾಷೆ. ಮೊದಮೊದಲು ಯಾರೂ ಅವನಿಗೆ ಚೆಂಡು ಕೊಡುತ್ತಿರಲಿಲ್ಲ. ಊಟಕ್ಕೆ ಕೂತರೆ ಪಕ್ಕದ ಕುರ್ಚಿ ಖಾಲಿ. ಗುರುಶಾಂತ ಚೆಂಡು ಕಸಿದುಕೊಂಡು ಆಡಿದ, ಕಸಿದಿದ್ದನ್ನು ಅವರಿಗೇ ಹಂಚಿದ. ವರ್ಷ ತುಂಬುವಷ್ಟರಲ್ಲಿ ಆ ಊರಿನ ಮುದುಕರು ಅವನ ಹೆಸರನ್ನು ತಿರುಚಿ ಮುರುಚಿ ಕೂಗತೊಡಗಿದರು.

ಒಂದು ಆಟದಲ್ಲಿ ಯಾರೋ ನನ್ನ ಮೇಲೆ ಜೋರಾಗಿ ತುಳಿದರು. ಒಳಗೆ ಪಾದದ ಹೊರಬದಿಯ ಎಲುಬು ಚಿಟ್ಟೆಂದಿತು. ಗುರುಶಾಂತ ಅಭ್ಯಾಸ ಬಲದಿಂದ ಲೇಸು ಬಿಗಿ ಮಾಡಲು ಬಗ್ಗಿದ. ತಂಡದ ಡಾಕ್ಟರಮ್ಮ ಓಡಿ ಬಂದು ಅವನ ಕೈ ಮೇಲೆ ಪಟ್ಟನೆ ಹೊಡೆದಳು, ನನ್ನನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಅವನು ಬೇಡ ಬೇಡವೆಂದ. ಬಿಚ್ಚಿದವನು ಸೋತವನಲ್ಲವೇ! ಆಕೆ ಕೇಳಲೇ ಇಲ್ಲ. ಎಕ್ಸ್‌ರೇಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಕೆಲವು ವಾರ ಕೂರಿಸಿದರು, ವಾಸಿಯಾಯಿತು, ಮತ್ತೆ ಆಡಿದ. ಕಳಿಸುವಾಗ ಆಕೆ ಹೇಳಿದ್ದು ಒಂದೇ ಮಾತು: ಮತ್ತೆ ಅದೇ ಜಾಗದಲ್ಲಿ ನೋವಾದರೆ ಮೊದಲು ಬೂಟು ಬಿಚ್ಚು, ಇಲ್ಲದಿದ್ದರೆ ಆ ಕಾಲು ನಿನ್ನದಾಗಿ ಉಳಿಯುವುದಿಲ್ಲ.

ಆ ಕ್ಲಬ್ಬು ಅವನಿಗೆ ಹೊಸ ಕರಾರು ಕೊಡುವುದೆಂದು ಹೇಳಿತ್ತು. ನಡುವೆ ರಜೆ. ಊರಿಗೆ ಬಂದ. ಅದೇ ವಾರ ಚಾಳಿನ ಕ್ಲಬ್ಬು ಎಂದೂ ಮುಟ್ಟದ ಫೈನಲ್ಲು ಮುಟ್ಟಿತ್ತು. ಕರ್ಜಗಿ ಮಾಸ್ತರು ಮನೆಗೇ ಬಂದರು.

“ಒಂದ ಒಂದು ಆಟ ಆಡಿಕೊಡೋ ಗುರುಶಾಂತ. ನಾ ಕೊಡಿಸಿದ ಬೂಟ ಹಾಕ್ಕೊಂಡು ಆಡು.”

ಕಲ್ಲವ್ವ ಒಳಗಿಂದಲೇ, “ಅವಂದು ಕರಾರದ ಕಾಲು ಮಾಸ್ತರ. ಬ್ಯಾಡ್ರಿ” ಎಂದಳು. ಯಾರು ಕೇಳುತ್ತಾರೆ? ಋಣ ಎನ್ನುವುದು ಕಣ್ಣಿಗೆ ಕಾಣದ ಹಗ್ಗ. ಅವನು ಹೂಂ ಎಂದುಬಿಟ್ಟ.

ಮೊದಲ ಅರ್ಧ ಮುಗಿಯುವ ಹೊತ್ತಿಗೆ ಅದೇ ಎಲುಬು ಮತ್ತೆ ಚಿಟ್ಟೆಂದಿತು. ಈ ಸಲ ಜೋರಾಗಿಯೇ. ಅರ್ಧ ವೇಳೆಗೆ ಬೆಂಚಿನ ಮೇಲೆ ಕೂತು ಗುರುಶಾಂತ ನನ್ನ ಲೇಸಿಗೆ ಕೈ ಹಾಕಿದ. “ಮಾಸ್ತರ, ಅದ ಜಾಗ. ಬಿಚ್ಚತೇನ್ರಿ.”

ಮಾಸ್ತರು ಅವನ ಮುಂದೆ ಮಂಡಿಯೂರಿದರು. ಬಿಚ್ಚಲಿಕ್ಕೆಂದೇ ಕೂತರು ಅಂದುಕೊಂಡೆ ನಾನು. ಅವರು ಲೇಸನ್ನು ಎರಡೂ ಕೈಯಿಂದ ಎಳೆದು, ಗಂಟಿನ ಮೇಲೆ ಗಂಟು ಹಾಕಿದರು. “ಬಿಚ್ಚಿದ್ರ ಮತ್ತ ಹೋಗೂದಿಲ್ಲ. ಇಡೀ ಚಾಳ ನಿನ್ನ ಕಾಲು ನೋಡಾಕತ್ತೇತಿ. ಪೂಜಿ ಆದ ಬೂಟು ಅದು, ನಿನ್ನ ಕಾಯತೈತಿ. ಏಳು.”

ನಾನು ಕಾಯುತ್ತೇನಂತೆ! ಥೂ! ಕುಂಕುಮ ಹಚ್ಚಿದರೆ ಚರ್ಮ ಎಲುಬಾಗುತ್ತದೆಯೇ? ಬಾಯಿದ್ದಿದ್ದರೆ ಅಲ್ಲೇ ಕಚ್ಚುತ್ತಿದ್ದೆ ಅವರ ಬೆರಳನ್ನು.

ಅವನು ಎದ್ದ. ಓಡಿದ. ಒಂದೊಂದು ಹೆಜ್ಜೆಗೂ ನನ್ನೊಳಗೆ ಆ ಕಾಲು ಬಾತುಕೊಳ್ಳುತ್ತಿತ್ತು, ಬಿಗಿದ ಲೇಸು ಅದನ್ನು ಹಿಸುಕುತ್ತಿತ್ತು. ಕೊನೆಗೆ ಅವನು ತಳ್ಳಿದ ಚೆಂಡನ್ನೇ ಇನ್ನೊಬ್ಬ ಗೋಲಿಗೆ ಹಾಕಿದ. ಜನ ಮೈದಾನಕ್ಕೆ ನುಗ್ಗಿದರು, ಮಾಸ್ತರರನ್ನು ಎತ್ತಿ ಕುಣಿದರು. ಗುರುಶಾಂತ ನಡುಮೈದಾನದಲ್ಲಿ ಬಿದ್ದಿದ್ದ. ಬಹಳ ಹೊತ್ತು ಯಾರೂ ಅತ್ತ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಆ ಗಂಟು ಬಿಚ್ಚಲಾಗಲಿಲ್ಲ. ಡಾಕ್ಟರು ಕತ್ತರಿ ತಂದು ಲೇಸು ಕತ್ತರಿಸಿದರು, ಸಾಲದೆ ನನ್ನ ಪಕ್ಕೆಯನ್ನೂ ಉದ್ದಕ್ಕೆ ಸೀಳಿದರು. ಬಲಗಾಲಿನವನನ್ನು ಯಾರೋ ಮಂಚದ ಕೆಳಗೆ ತಳ್ಳಿದರು, ಮರುದಿನ ಕಸದೊಂದಿಗೆ ಹೋದ. ಜೊತೆಗೇ ಹುಟ್ಟಿದವನಿಗೆ ಹೋಗಿ ಬಾ ಎನ್ನಲೂ ಆಗಲಿಲ್ಲ. ಮಾಸ್ತರು ಗೆದ್ದ ಕಪ್ಪು ಹಿಡಿದುಕೊಂಡು ವಾರ್ಡಿಗೆ ಬಂದಾಗ ಕಲ್ಲವ್ವ ಬಾಗಿಲಲ್ಲೇ ಅಡ್ಡ ನಿಂತಳು.

“ಕಪ್ಪ ನಿಮ್ಮ ಹತ್ರನ ಇಟ್ಕೋರಿ ಮಾಸ್ತರ. ನನ್ನ ಮಗನ ಕಾಲ ಕೊಡ್ರಿ.”

ಮಾಸ್ತರು ಕಪ್ಪಿನೊಂದಿಗೇ ಹಿಂದಿರುಗಿದರು. ಮೂರು ಸಲ ಕೊಯ್ದರೂ ಆ ಕಾಲು ಮೊದಲಿನಂತಾಗಲಿಲ್ಲ. ಕರಾರು ಬರಲಿಲ್ಲ. ಗುರುಶಾಂತ ಕುಂಟುತ್ತಾ ಧಾರವಾಡಕ್ಕೆ ಹೋಗಿ ಒಂದು ಕಾಲೇಜಿನಲ್ಲಿ ಆಟ ಕಲಿಸುವ ಕೆಲಸಕ್ಕೆ ಸೇರಿಕೊಂಡ. ನಾನು ಮಾತ್ರ ಕಪಾಟಿಗೆ ಬಂದೆ. ಮುರಿದದ್ದು ಅವನ ಕಾಲು, ಹೆಸರು ಕ್ಲಬ್ಬಿನದು. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ! ಸೀಳಿದ ಪಕ್ಕೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟರು. ಮುಂದಿನಿಂದ ನೋಡಿದರೆ ಹೊಸದರಂತೆ ಪಾಲಿಶ್ ಮಾಡಿದ ಬೂಟು. ಪ್ರತಿ ಆಯುಧಪೂಜೆಗೂ ಕುಂಕುಮ, ಚೆಂಡುಹೂವು. ಎತ್ತಿನ ಹುಣ್ಣು ಕಾಗೆಗೆ ಮುದ್ದೇ?

ಹೀಗೆ ವರ್ಷಗಳು ಹೋದವು. ಮೊನ್ನೆಯ ಆಯುಧಪೂಜೆಯ ಆಟಕ್ಕೆ ಕ್ಲಬ್ಬಿನವರು ಗುರುಶಾಂತನನ್ನೇ ಅತಿಥಿಯಾಗಿ ಕರೆದಿದ್ದರು. ಈಗ ನಮ್ಮಲ್ಲಿ ಹೆಣ್ಣುಮಕ್ಕಳ ತಂಡವೂ ಇದೆ. ಅದರ ಮಿಡ್‌ಫೀಲ್ಡರ್ ಶಶಿರೇಖಾ ಅರ್ಧ ವೇಳೆಗೆ ಕುಂಟುತ್ತಾ ಬಂದು ಕಪಾಟಿನ ಎದುರಿನ ಬೆಂಚಿನ ಮೇಲೆ ಕೂತಳು. ಮುಖ ಬಿಳುಚಿತ್ತು. ಲೇಸಿಗೆ ಕೈ ಹಾಕಿದ್ದಳಷ್ಟೆ, ಮುದುಕರಾದ ಮಾಸ್ತರು ಕೋಲಿನಿಂದ ನನ್ನತ್ತ ತೋರಿಸಿದರು.

“ಅಲ್ಲಿ ನೋಡವಾ. ಎಲುಬು ಮುರಿದ್ರೂ ಬಿಚ್ಚಲಿಲ್ಲ ಅಂವ.”

ಬಾಗಿಲಲ್ಲಿ ಗುರುಶಾಂತ ನಿಂತಿದ್ದ. ನೆಟ್ಟಗೆ ಬಂದು ಗಾಜಿನ ಬಾಗಿಲು ತೆಗೆದ. ಎಷ್ಟು ವರ್ಷಗಳಾಗಿದ್ದವು ಅವನ ಕೈ ನನಗೆ ತಾಗಿ! ನನ್ನನ್ನು ತಿರುಗಿಸಿ, ಸೀಳಿದ ಪಕ್ಕೆಯನ್ನು ಹುಡುಗಿಯ ಕಣ್ಣೆದುರು ಹಿಡಿದ.

“ಬಿಚ್ಚಲಿಲ್ಲ ಖರೇ. ಕತ್ತರೀಲೆ ಕೊಯ್ದು ತಗದ್ರು. ಇದನ್ನೂ ತೋರಸ್ರಿ ಮಾಸ್ತರ.”

“ಇನ್ನ ಅರ್ಧ ಆಟ ಐತೋ...”

“ಆಟ ನಾಳೆನೂ ಇರತೈತ್ರಿ. ಕಾಲು ಇರೂದಿಲ್ಲ.”

ನನ್ನನ್ನು ಬೆಂಚಿನ ಮೇಲಿಟ್ಟು, ಆ ಕೆಟ್ಟ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟಪಟ್ಟು ಮಂಡಿಯೂರಿದ. ಅಂದು ಮಾಸ್ತರು ಕೂತಂತೆಯೇ ಕೂತ. ಹುಡುಗಿಯ ಲೇಸು ಬಿಚ್ಚಿದ. ಅವಳು ಅಳುತ್ತಾ, “ಸೋತಂಗ ಆಗೂದಿಲ್ಲೇನ್ರಿ ಸರ್?” ಎಂದಳು. “ಇಲ್ಲವಾ,” ಎಂದ ಗುರುಶಾಂತ. ಬೂಟು ಸಲೀಸಾಗಿ ಹೊರಗೆ ಬಂತು. ಮಾಸ್ತರು ಗೋಡೆ ನೋಡುತ್ತಾ ನಿಂತಿದ್ದರು.

ಹೊರಡುವಾಗ ಗುರುಶಾಂತ ನನ್ನನ್ನು ಮತ್ತೆ ಕಪಾಟಿನಲ್ಲಿಟ್ಟ, ಸೀಳು ಹೊರಗೆ ಕಾಣುವಂತೆ. ಮರುದಿನ ಮಾಸ್ತರು ಒಬ್ಬರೇ ಬಂದು ಬಾಗಿಲು ತೆಗೆದರು. ತಿರುಗಿಸಿಯೇ ಬಿಡುತ್ತಾರೆ ಅಂದುಕೊಂಡೆ. ಕೈ ಚಾಚಿದರು. ನನ್ನ ಸೀಳನ್ನು ತುದಿಯಿಂದ ತುದಿಗೆ ಬೆರಳಿನಿಂದ ಸವರಿದರು. ಆಮೇಲೆ ಕೆಳಗಿನ ಬೋರ್ಡನ್ನು ಕಿತ್ತು, ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಅಷ್ಟಕ್ಕೆ ನಾನೇನೂ ಅವರನ್ನು ಕ್ಷಮಿಸಿಲ್ಲ. ಚರ್ಮ ಒಣಗಿದೆ, ಸಿಟ್ಟು ಒಣಗಿಲ್ಲ. ಆದರೆ ಈಗ ಬಂದವರು ಯಾರೂ ಕೈ ಮುಗಿಯುವುದಿಲ್ಲ. ಸೀಳು ನೋಡುತ್ತಾರೆ, ಏನಾಗಿತ್ತು ಎಂದು ಕೇಳುತ್ತಾರೆ.