ಇಳಿಜಾರಿನಲ್ಲಿ ಎರಡು ಕಾರು

ಹಲಸೂರಿನ ಕೆಂಪರಾಜ್ ತಂದೆಯ ಕಾಲದ ಬೂದುಬಣ್ಣದ ಕಾರನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅವನ ಗೆಳೆಯ, ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿ ವಾಜಿದ್, ಹೊಸದಾಗಿ ಕೆಂಪು ಟರ್ಬೊ ಕಾರು ಕೊಂಡಿದ್ದ. ಯಾವುದು ನಿಜವಾದ ಕಾರು ಎಂದು ಇಬ್ಬರಿಗೂ ಮುಗಿಯದ ವಾದ. ಒಂದು ಭಾನುವಾರ ಬೆಳಿಗ್ಗೆ, ಹೊಸಕೋಟೆಯವರೆಗೆ ಓಡಿಸಿ ನೋಡಿಯೇಬಿಡೋಣ ಎಂದು ಹೊರಟರು. ಕೆಂಪರಾಜ್‌ನ ಹೆಂಡತಿ ರೇವತಿ ಗಂಡನ ಪಕ್ಕದಲ್ಲಿ ಕೂತಳು.

"ನಿನ್ ಕಾರ್ ಓಡ್ಸೋದು ಕಂಪ್ಯೂಟರು ಗುರು, ನೀನು ಬರೀ ಕೂತಿರ್ತೀಯ," ಎಂದ ಕೆಂಪರಾಜ್.

"ನಿಂದು ಮೊದ್ಲು ಸ್ಟಾರ್ಟ್ ಆಗ್ಲಿ," ಎಂದು ವಾಜಿದ್ ನಕ್ಕ.

ಕೆ.ಆರ್. ಪುರದ ಸೇತುವೆಯ ಮೇಲೆ ವಾಜಿದ್ ಬೇಸರದಿಂದಲೇ ನಿಧಾನವಾಗಿ ಹಿಂದೆ ಬರುತ್ತಿದ್ದ. ಇಳಿಜಾರು ಶುರುವಾದದ್ದೇ ತಡ, ಹಳೆಯ ಕಾರು ಒಮ್ಮೆಲೇ ವೇಗ ಹೆಚ್ಚಿಸಿಕೊಂಡಿತು. ಹಾರ್ನ್ ಒಂದೇ ಸಮನೆ ಕೂಗತೊಡಗಿತು. ಅಷ್ಟರಲ್ಲಿ ರೇವತಿಯ ಫೋನ್ ಬಂತು.

"ವಾಜಿದ್ ಭಾಯ್, ಬ್ರೇಕ್ ಹಿಡೀತಿಲ್ಲ! ಹ್ಯಾಂಡ್‌ಬ್ರೇಕೂ ಕಿತ್ಕೊಂಡ್ಬಂತು!"

ಪಕ್ಕದಿಂದ ಕೆಂಪರಾಜ್ ಚೀರುತ್ತಿದ್ದ: "ಗೇರ್ ಬೀಳ್ತಿಲ್ಲ ಕಣೋ!"

ಸೇತುವೆಯ ಬುಡದಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಜನ ಓಡಾಡುತ್ತಿದ್ದರು.

ವಾಜಿದ್ ಆಕ್ಸಿಲರೇಟರ್ ಒತ್ತಿ ಹಿಡಿದ. ಕೆಂಪು ಕಾರು ಚಿಮ್ಮಿತು. ತಡೆಗೋಡೆಗೂ ಹಳೆಯ ಕಾರಿಗೂ ನಡುವೆ ಇದ್ದ ಸಂದಿಯಲ್ಲಿ ನುಗ್ಗಿ ಮುಂದೆ ಬಂದ.

"ಭಾಬಿ, ಗಟ್ಟಿಯಾಗಿ ಹಿಡ್ಕೊಳ್ಳಿ. ರಾಜ, ಸ್ಟೀರಿಂಗ್ ನೆಟ್ಟಗಿಟ್ಕೊಂಡು ನನಗೆ ಗುದ್ದು!"

"ಹೊಸ ಕಾರು ಕಣೋ..."

"ಗುದ್ದೋ ಲೇ!"

ಮೊದಲ ಹೊಡೆತಕ್ಕೆ ವಾಜಿದ್‌ನ ಕುತ್ತಿಗೆ ಉಳುಕಿತು. ಕಾರಿನೊಳಗೆ ಎಚ್ಚರಿಕೆಯ ಸದ್ದುಗಳೆಲ್ಲ ಒಟ್ಟಿಗೆ ಅರಚಿಕೊಂಡವು. ಎರಡನೆಯ ಸಲ ಹಳೆಯ ಕಾರು ಹಿಂದೆ ಅಂಟಿಕೊಂಡಿತು. ಅವನು ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ತುಳಿದ. ಹಿಂದಿನ ಭಾರ ದೂಡುತ್ತಲೇ ಇತ್ತು. ಟೈರು ಸುಟ್ಟ ವಾಸನೆ ಬಂತು. ಮುಂದಿನ ಬಸ್ಸಿನ ಬೆನ್ನಿನ ಮೇಲಿದ್ದ ಜಾಹೀರಾತಿನ ಅಕ್ಷರಗಳು ದೊಡ್ಡವಾಗುತ್ತಾ ಬಂದವು. ಕೊನೆಗೆ, ಬಸ್ಸಿಗೂ ಕಾರಿಗೂ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಉಳಿದಿರುವಾಗ, ಎರಡೂ ಕಾರುಗಳು ನಿಂತವು.

ವಾಜಿದ್ ಕುತ್ತಿಗೆ ಹಿಡಿದುಕೊಂಡು ಇಳಿದ. ರೇವತಿಯ ತುಟಿ ಒಡೆದಿತ್ತು. ಕೆಂಪು ಕಾರಿನ ನಜ್ಜುಗುಜ್ಜಾದ ಹಿಂಭಾಗವನ್ನು ನೋಡುತ್ತ ಕೆಂಪರಾಜ್ ರಸ್ತೆಯ ಅಂಚಿನಲ್ಲಿ ಕುಸಿದು ಕೂತ.

"ಬ್ರೇಕ್ ಪೆಡಲ್ ನಿನ್ನೆಯಿಂದ ಮೆತ್ತಗಿತ್ತು ಕಣೋ," ಎಂದ ಮೆಲ್ಲಗೆ. "ನಿನ್ ಮುಂದೆ ಹೇಳಕ್ಕೆ ನಾಚ್ಕೆ ಆಯ್ತು."

ವಾಜಿದ್ ಪಕ್ಕದಲ್ಲಿ ಕೂತು ಅವನ ಹೆಗಲ ಮೇಲೆ ಕೈಯಿಟ್ಟ.

ರೇವತಿಗೂ ಅದು ಕೇಳಿಸಿತ್ತು. ಸೆರಗಿನಿಂದ ತುಟಿ ಒರೆಸಿಕೊಂಡಳು. ಗಂಡನ ಕಡೆ ತಿರುಗಿಯೂ ನೋಡದೆ, ಹೋಗುತ್ತಿದ್ದ ಆಟೊಗೆ ಕೈ ಅಡ್ಡ ಹಿಡಿದಳು.

"ಹಲಸೂರಿಗೆ ಬರ್ತೀರಾ?"