ಅಕ್ಕ ಮಾತಾಡದ ಭಾನುವಾರ

ಅಕ್ಕ ಊರಿನ ದೊಡ್ಡ ಗ್ರಂಥಾಲಯದ ಮುಖ್ಯಸ್ಥೆ. ತಮ್ಮ ಆಡಿಟರ್. ಅವನಿಗೆ ಐವತ್ತು ಹತ್ತಿರವಾಗಿದ್ದರೂ ಅವಳ ಬಾಯಲ್ಲಿ ಇನ್ನೂ ಪುಟ್ಟನೇ. ಅಪ್ಪ ಹೋದ ಮೇಲೆ ಅಂಗಡಿ ಮಾರಿ ಬಂದದ್ದರಲ್ಲಿ ಒಂದು ಪಾಲನ್ನು ಇಬ್ಬರೂ ಸೇರಿ ಒಂದು ಸಾಫ್ಟ್‌ವೇರ್ ಕಂಪನಿಯ ಶೇರಿಗೆ ಹಾಕಿದ್ದರು. ಗ್ರಂಥಾಲಯಗಳಿಗೆಂದೇ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಯಾವ ಪುಸ್ತಕ ಯಾರ ಕೈಯಲ್ಲಿದೆ, ಯಾವಾಗ ವಾಪಸು ಬರಬೇಕು, ಯಾರು ದಂಡ ಕಟ್ಟಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಅಕ್ಕ ಆಗ ಮಕ್ಕಳ ವಿಭಾಗದಲ್ಲಿದ್ದಳು. "ದಿನಾ ಬಳಸ್ತೀನಿ ಪುಟ್ಟ, ಚಿನ್ನದಂಥ ಸಾಫ್ಟ್‌ವೇರ್" ಎಂದು ಹೇಳಿ ಆ ಶೇರು ಕೊಳ್ಳಿಸಿದವಳೂ ಅವಳೇ.

ಆ ಚಿನ್ನದ ಬೆಲೆ ಈಗ ಕಾಲು ಭಾಗಕ್ಕೆ ಇಳಿದಿತ್ತು. ಕೊಳ್ಳುವುದಿರಲಿ, ಮಾರುವುದಿರಲಿ, ಇಬ್ಬರೂ ಒಪ್ಪಿದರೆ ಮಾತ್ರ ಎಂದು ಮೊದಲೇ ಮಾತಾಗಿತ್ತು. ಹೀಗಾಗಿ ಭಾನುವಾರ ಬೆಳಗ್ಗೆ ಅಮ್ಮನ ಮನೆಯ ಊಟದ ಮೇಜಿನ ಮೇಲೆ ಆ ಕಂಪನಿಯ ಪಂಚಾಯ್ತಿ ತಪ್ಪುತ್ತಿರಲಿಲ್ಲ.

"ಇನ್ನಷ್ಟು ಕೊಳ್ಳೋಣ ಅಕ್ಕಾ" ಎಂದ ತಮ್ಮ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ. "ನೋಡು, ಒಂದು ಪೈಸೆ ಸಾಲ ಇಲ್ಲ. ಬ್ಯಾಂಕಲ್ಲಿ ದುಡ್ಡಿದೆ. ಇಡೀ ಕಂಪನಿಗೆ ಇವತ್ತು ಶೇರುಪೇಟೆ ಕಟ್ಟಿರೋ ಬೆಲೆ ಆ ದುಡ್ಡಿಗಿಂತ ಸ್ವಲ್ಪವೇ ಜಾಸ್ತಿ. ಅಂದ್ರೆ ಅಷ್ಟೊಂದು ಗಿರಾಕಿಗಳು, ಅಷ್ಟು ವರ್ಷದ ಕೆಲಸ, ಎಲ್ಲಾ ಹೆಚ್ಚುಕಮ್ಮಿ ಪುಕ್ಕಟೆ."

"ಪುಕ್ಕಟೆ ಸಿಗೋದಕ್ಕೂ ಕಾರಣ ಇರುತ್ತಲ್ಲೋ. ಹೊಸದು ಬರುತ್ತೆ, ಬರುತ್ತೆ ಅಂತ ಹೇಳ್ತಾನೇ ಇದ್ದಾರೆ. ಸಹಾಯಕ್ಕೆ ಫೋನ್ ಮಾಡಿದ್ರೆ ಮೊದಲು ಮನುಷ್ಯರು ಸಿಗ್ತಿದ್ರು, ಈಗ ಯಂತ್ರ ಮಾತಾಡುತ್ತೆ. ಕೆಲಸ ಗೊತ್ತಿದ್ದೋರೆಲ್ಲ ಬಿಟ್ಟು ಹೋಗಿದ್ದಾರೆ."

"ಆದ್ರೂ ನೀವು ಬಿಟ್ಟಿದ್ದೀರಾ? ಇಲ್ಲ. ಲಕ್ಷಗಟ್ಟಲೆ ಪುಸ್ತಕದ ವಿವರ ಅದರೊಳಗಿದೆ. ಕಟ್ಟಿದ ಮನೆಯ ಅಡಿಪಾಯ ಯಾರಾದ್ರೂ ಕಿತ್ತು ಬದಲಾಯಿಸ್ತಾರಾ?"

"ಮನೆ ವಾಲಿದ್ರೆ ಖಾಲಿ ಮಾಡ್ತಾರಪ್ಪಾ."

ಪಕ್ಕದಲ್ಲಿ ಹುರುಳಿಕಾಯಿ ನಾರು ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೆ, "ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರಂತೆ" ಎಂದರು. ಯಾರ ಪರ ಹೇಳಿದರೆಂದು ಇಬ್ಬರಿಗೂ ಗೊತ್ತಿತ್ತು. ತಮ್ಮನ ಮುಖ ಸಣ್ಣದಾಯಿತು. ಕೊನೆಗೆ ಇನ್ನೊಂದು ವಾರ ಯೋಚಿಸೋಣ ಎಂದು ಎದ್ದರು.

ಆ ವಾರದ ನಡುವೆ ಗ್ರಂಥಾಲಯದ ಸಭೆ ಕರೆದರು. ಸುತ್ತಲಿನ ಊರುಗಳ ಗ್ರಂಥಾಲಯಗಳೆಲ್ಲ ಸೇರಿ ಆ ಕಂಪನಿಯೊಂದಿಗೆ ಒಂದೇ ಒಪ್ಪಂದ ಮಾಡಿಕೊಂಡಿದ್ದವು. ಅದನ್ನು ಮುಂದುವರಿಸಬೇಕೇ, ಬೇಡವೇ ಎಂಬುದೇ ಅಂದಿನ ವಿಷಯ. ಸಭೆಗೆ ಮೊದಲೇ ಅಕ್ಕ ಅಧ್ಯಕ್ಷರ ಕೋಣೆಗೆ ಹೋಗಿ, "ಸರ್, ನಮ್ಮ ಮನೆಯಲ್ಲಿ ಆ ಕಂಪನಿ ಶೇರಿದೆ. ನಾನು ಕೈ ಎತ್ತೋದು ಸರಿಯಲ್ಲ" ಎಂದಳು. ಅಧ್ಯಕ್ಷರು ಕನ್ನಡಕ ತೆಗೆದು ಅವಳನ್ನು ನೋಡಿ, "ಹೇಳಿದ್ದು ಒಳ್ಳೇದಾಯ್ತು. ಮತ ಹಾಕಬೇಡಿ. ಆದ್ರೆ ಕೇಳಿದ್ದಕ್ಕೆ ಉತ್ತರ ಹೇಳೋಕೆ ನೀವು ಇರಲೇಬೇಕು" ಎಂದರು. ಅವಳು ಮೂಲೆಯ ಕುರ್ಚಿಯಲ್ಲಿ ಕೂತು, ಕೇಳಿದ್ದಕ್ಕಷ್ಟೇ ಉತ್ತರಿಸಿದಳು. ಉಳಿದವರು ಒಮ್ಮತದಿಂದ ತೀರ್ಮಾನಿಸಿದರು: ಕಂಪನಿ ಬದಲಾಯಿಸುವುದು. ಕಾಗದಪತ್ರ ಮುಗಿದು ಪ್ರಕಟವಾಗುವವರೆಗೆ ಯಾರೂ ಹೊರಗೆ ಬಾಯಿ ಬಿಡುವಂತಿಲ್ಲ.

ಅಲ್ಲಿಂದ ಅವಳಿಗೆ ನುಂಗಲಾರದ, ಉಗುಳಲಾರದ ಬಿಸಿತುಪ್ಪ. ತಮ್ಮ ತನ್ನ ಸ್ವಂತ ಉಳಿತಾಯವನ್ನೂ ಸೇರಿಸಿ ಕೊಳ್ಳುವ ಯೋಚನೆಯಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಭಾನುವಾರ ತಲೆನೋವು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಸುಳ್ಳು ಹೇಳುವುದು ಬೇಡವೆನಿಸಿ ಹೋದಳು.

ತಮ್ಮ ಉತ್ಸಾಹದಲ್ಲಿದ್ದ. "ಲೆಕ್ಕ ಮತ್ತೆ ಮಾಡಿದೆ ಅಕ್ಕಾ. ನೀನು ಹೂಂ ಅಂದ್ರೆ ನಾಳೆ ಪೇಟೆ ತೆಗೆದ ತಕ್ಷಣ ಕೊಳ್ತೀನಿ."

"ಇವತ್ತು ನಾನು ಈ ವಿಷಯ ಮಾತಾಡಲ್ಲ ಪುಟ್ಟ."

"ಅಂದ್ರೆ? ಕೊಳ್ಳೋದು ಬೇಡ ಅಂತಾನಾ?"

"ಬೇಕು ಅಂತಾನೂ ಅಲ್ಲ, ಬೇಡ ಅಂತಾನೂ ಅಲ್ಲ. ಮಾತಾಡಲ್ಲ, ಅಷ್ಟೆ."

"ಇದೇನು ಮಗು ಥರ..." ಎಂದವನು ಮಾತನ್ನು ಅಲ್ಲೇ ನಿಲ್ಲಿಸಿದ. ಅಕ್ಕ ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತಿದ್ದಳು. ಅವಳು ಯಾವ ಮಾತಿಗೂ ಸೋತು ಸುಮ್ಮನಾದವಳಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿದ, ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದ.

"ನೀನು ಬಾಯಿ ಮುಚ್ಚಿಕೊಂಡಿದ್ದು ನಂಗೆ ಕೇಳಿಸ್ತು ಅಕ್ಕಾ" ಎಂದ ಮೆಲ್ಲಗೆ. "ಬಿಡು. ಈಗ ನಾನು ಕೊಳ್ಳೋ ಹಾಗೂ ಇಲ್ಲ, ನಾವು ಮಾರೋ ಹಾಗೂ ಇಲ್ಲ."

ಅಕ್ಕನ ಕಣ್ಣು ತುಂಬಿತು. "ನಾನು ಬರಲೇಬಾರದಿತ್ತು ಕಣೋ."

"ಬರದೇ ಇದ್ದಿದ್ರೂ ನಂಗೆ ಅನುಮಾನ ಬರ್ತಿತ್ತು. ನೀನು ಭಾನುವಾರ ತಪ್ಪಿಸಿದೋಳಾ?"

ಅಮ್ಮನಿಗೆ ರೇಗಿತು. "ಏನು ಮಕ್ಕಳೋ ನೀವು! ಏನೋ ಕೆಟ್ಟದಾಗುತ್ತೆ ಅಂತ ಗೊತ್ತಾದ ಮೇಲೂ ಕೈಕಟ್ಟಿ ಕೂರ್ತೀರಾ? ಅಪ್ಪ ಅಂಗಡೀಲಿ ನಿಂತೂ ನಿಂತೂ ಸಂಪಾದಿಸಿದ್ದು ಅದು. ನಾಳೇನೇ ಮಾರಿ ಬಿಸಾಕಿ."

"ಅಮ್ಮಾ, ನಾಳೆ ನಾವು ಮಾರಿದ್ರೆ ಕೊಳ್ಳೋನು ಒಬ್ಬ ಇರಬೇಕಲ್ಲ. ಅವನೂ ನನ್ನಂಥೋನೇ. ಅಗ್ಗಕ್ಕೆ ಸಿಕ್ತು ಅಂತ ಖುಷಿಯಾಗಿ ಕೊಳ್ತಾನೆ. ನಂಗೆ ಅಕ್ಕ ಇದ್ದಾಳೆ, ಅವನಿಗಿಲ್ಲ" ಎಂದ ತಮ್ಮ. "ಅದೂ ಅಲ್ಲದೆ ಒಳಗಿನ ಸುದ್ದಿ ತಿಳಿದು ಕೊಳ್ಳೋದು, ಮಾರೋದು ಕಾನೂನೂ ಒಪ್ಪಲ್ಲ. ನಾನು ಬೇರೆಯವರಿಗೆ ದಿನಾ ಹೇಳೋ ಬುದ್ಧಿಮಾತು ಇದು" ಎಂದ.

ಊಟಕ್ಕೆ ಬಡಿಸುವಾಗ ಅಮ್ಮ ಮಗನಿಗೆ ತುಸು ಜಾಸ್ತಿಯೇ ಬಡಿಸಿದರು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಹಾಳಾದ್ದು, ಶೇರಿನ ಬೆಲೆ ಕೆಳಗಿಳಿಯುವ ಬದಲು ಮೆಲ್ಲಗೆ ಏರತೊಡಗಿತು. ಮಾರುವವರಿಗೆ ಹಬ್ಬ. ತಮ್ಮ ಫೋನ್ ಮಾಡಿದಾಗಲೆಲ್ಲ ಅಮ್ಮನ ಮಂಡಿನೋವು, ಅವನ ಮನೆಯ ಸೋರುವ ನಲ್ಲಿ, ಅಕ್ಕನ ಮಗಳ ಪರೀಕ್ಷೆ, ಹೀಗೆ ಬೇರೆಲ್ಲ ಮಾತಾಡುತ್ತಿದ್ದ. ಅವನ ಆ ಎಚ್ಚರಿಕೆ ಕಂಡೇ ಅಕ್ಕನಿಗೆ ಸಂಕಟ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೊಂದು ದಿನ ಸುದ್ದಿ ಪ್ರಕಟವಾಯಿತು. ಮಧ್ಯಾಹ್ನದೊಳಗೆ ಶೇರು ಇದ್ದ ಬೆಲೆಯ ಅರ್ಧಕ್ಕೆ ಕುಸಿಯಿತು. ಅಕ್ಕ ಪುಸ್ತಕದ ಕಪಾಟುಗಳ ನಡುವೆ ನಿಂತು ಅವನಿಗೆ ಫೋನ್ ಮಾಡಿದಳು.

"ಓದಿದೆ" ಎಂದ ತಮ್ಮ.

"ಕೋಪಾನಾ?"

"ಹೊಟ್ಟೆ ಉರೀತಿದೆ. ನಿನ್ನ ಮೇಲಲ್ಲ." ಆಮೇಲೆ ನಕ್ಕ. "ನಾನು ನಂದೂ ಸೇರಿಸಿ ಕೊಂಡಿದ್ರೆ ಇವತ್ತು ನನ್ನ ಹೆಂಡತಿ ನನ್ನನ್ನ ಮನೆಯೊಳಗೆ ಬಿಡ್ತಿರಲಿಲ್ಲ."

ಕೆಲವು ವಾರಗಳ ನಂತರ ಕಂಪನಿಯ ಹೊಸ ಮುಖ್ಯಸ್ಥೆ ಗ್ರಂಥಾಲಯಕ್ಕೇ ಬಂದರು. ನೆಗಡಿಯಿಂದ ಮೂಗು ಕೆಂಪಾಗಿದ್ದ, ಗಿಡ್ಡನೆಯ ಹೆಂಗಸು. ಒಪ್ಪಂದ ಉಳಿಸಿ ಎಂದು ಕೇಳಿಕೊಳ್ಳಲು ಬಂದಿರಬೇಕೆಂದು ಅಕ್ಕ ಅಂದುಕೊಂಡಳು. ಆಕೆ ಕೇಳಿದ್ದೇ ಬೇರೆ: "ಪುಸ್ತಕ ಕೊಡೋ ಜಾಗದಲ್ಲಿ ನಾನೂ ಕೂತು ನೋಡಬಹುದಾ?" ಸಂಜೆಯವರೆಗೆ ಅಲ್ಲೇ ಕೂತರು. ಪುಸ್ತಕ ಕೊಟ್ಟರು, ಸಾಲು ನಿಂತವರಿಂದ ಬೈಸಿಕೊಂಡರು, ಅಲ್ಲಿ ಇನ್ನೂ ಬದಲಾಗಿರದ ತಮ್ಮದೇ ಸಾಫ್ಟ್‌ವೇರ್ ಎರಡು ಸಲ ನಿಂತುಹೋದಾಗ ಕೆನ್ನೆಗೆ ಕೈಯಿಟ್ಟುಕೊಂಡರು. ಹೊರಡುವಾಗ, "ನೀವು ಬಿಟ್ಟಿದ್ದು ಸರಿಯಾಗೇ ಇದೆ" ಎಂದು ಹೇಳಿ ಹೋದರು.

ಭಾನುವಾರ ಅಕ್ಕ ಇದನ್ನು ಹೇಳಲು ಬಾಯಿ ತೆರೆಯುತ್ತಿದ್ದಂತೆ ತಮ್ಮ ಕೈ ಅಡ್ಡ ಹಿಡಿದ. "ತಡಿ. ಇದು ಗುಟ್ಟಲ್ಲ ತಾನೆ?"

"ಗುಟ್ಟೇನು ಬಂತು, ಊರಿಗೆ ಊರೇ ಅವರ ಹತ್ತಿರ ಪುಸ್ತಕ ತಗೊಂಡಿದೆ."

ಈ ಸಲ ವಾದ ತಿರುಗುಮುರುಗು. ಸಾಫ್ಟ್‌ವೇರ್ ಬಿಟ್ಟ ಅಕ್ಕ ಶೇರು ಇಟ್ಟುಕೊಳ್ಳೋಣ ಎಂದಳು. ಕೊಳ್ಳಬೇಕೆಂದು ಕುಣಿದಿದ್ದ ತಮ್ಮ ಮಾರೋಣ ಎಂದ.

"ತನ್ನ ತಪ್ಪನ್ನ ಇಡೀ ದಿನ ಕೂತು ನೋಡೋ ಮನುಷ್ಯರು ಎಷ್ಟು ಜನ ಸಿಗ್ತಾರೆ ಹೇಳು?"

"ಒಳ್ಳೆಯೋರು ನಡೆಸಿದ ಕಂಪನಿಗಳೂ ಮುಳುಗ್ತವೆ ಅಕ್ಕಾ. ನಿಮ್ಮನ್ನ ನೋಡಿ ಬೇರೆ ಗ್ರಂಥಾಲಯಗಳೂ ಬಿಡ್ತವೆ. ಬ್ಯಾಂಕಲ್ಲಿರೋ ದುಡ್ಡು ಸಂಬಳಕ್ಕೇ ಕರಗುತ್ತೆ. ಅಡಿಪಾಯ ಅಂದೆನಲ್ಲ, ಅಲ್ಲೇ ನಾನು ಎಡವಿದ್ದು."

"ಗುಣ ಆಗೋ ಕಾಯಿಲೆನೂ ಇರುತ್ತಲ್ಲ."

"ಇರುತ್ತೆ. ಆದ್ರೆ ಔಷಧಿ ಖರ್ಚಿಗೆ ನನ್ನ ಪಾಲು ಕೊಡೋಕೆ ನಂಗೆ ಧೈರ್ಯ ಇಲ್ಲ."

ಇಬ್ಬರೂ ಒಪ್ಪಲಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಎಂಬ ಹಳೆಯ ಮಾತನ್ನೇ ಮುರಿದು ಶೇರನ್ನು ಸಮನಾಗಿ ಹಂಚಿಕೊಂಡರು. ತಮ್ಮ ತನ್ನ ಪಾಲು ಮಾರಿದ, ಅಕ್ಕ ಇಟ್ಟುಕೊಂಡಳು. "ಅಂಗಡಿ ಮಾರಿದಾಗಲೂ ನೀವು ಇಷ್ಟು ಚರ್ಚೆ ಮಾಡಿರಲಿಲ್ಲ" ಎಂದು ಅಮ್ಮ ಗೊಣಗಿದರು.

ಮರುವರ್ಷ ಕಂಪನಿ ತನ್ನ ದೊಡ್ಡ ಕಟ್ಟಡ ಮಾರಿ ಬಾಡಿಗೆ ಮಹಡಿಗೆ ಹೋಯಿತು. ದೊಡ್ಡ ಗ್ರಂಥಾಲಯಗಳ ಗೊಡವೆ ಬಿಟ್ಟು ಶಾಲೆಗಳಿಗೆಂದು ಪುಟ್ಟ, ಸರಳ ಸಾಫ್ಟ್‌ವೇರ್ ಮಾಡಿತು. ಶೇರು ತುಸು ಚೇತರಿಸಿಕೊಂಡರೂ ಅವರು ಕೊಂಡ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಲೆಕ್ಕದಲ್ಲಿ ನೋಡಿದರೆ ಮಾರಿ ಬೇರೆ ಕಡೆ ಹಾಕಿದ ತಮ್ಮನೇ ಗೆದ್ದ. ಅಕ್ಕ ಅದನ್ನು ನಗುತ್ತಲೇ ಒಪ್ಪಿಕೊಂಡಳು. ತನ್ನ ಪಾಲನ್ನು ಮಾತ್ರ ಮಾರಲಿಲ್ಲ.

ಕಂಪನಿಯ ಲೆಕ್ಕ ಪ್ರಕಟವಾದಾಗಲೆಲ್ಲ ತಮ್ಮ, ತನ್ನದು ಒಂದು ಶೇರೂ ಇಲ್ಲದಿದ್ದರೂ, ಪೂರ್ತಿ ಓದಿಕೊಂಡು ಬರುತ್ತಾನೆ. ಈಚೆಗೆ ಬಂದ ಚಿಕ್ಕ ಲಾಭ ನಿಜವಾದ ವ್ಯಾಪಾರದ್ದೋ, ಕಟ್ಟಡ ಮಾರಿದ್ದರ ಉಳಿಕೆಯೋ ಎಂದು ಇಬ್ಬರೂ ಇಡೀ ಬೆಳಗ್ಗೆ ವಾದಿಸಿದರು. ಮಾತು ಇನ್ನೂ ಮುಗಿದಿರಲಿಲ್ಲ; ಅಮ್ಮ ಮೇಜು ಖಾಲಿ ಮಾಡಿ ಎಂದು ತಟ್ಟೆಗಳನ್ನು ತಂದಿಟ್ಟರು.